ಹಲ್ಲ ಬೆಳ್ಳಗ ಮಾಡೂ ಜಾಹೀರಾತು, ನಮ್ಮೂರ ಬೋರಿನ ನೀರು

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ವಾರ ನಿಮ್ಮ ಪೇಪರಿನ ಜಿಲ್ಲಾ ಪುಟದಾಗ ಒಂದೇ ಸಿಟಿಂಗ್‌ನಾಗ ಹಲ್ಲ ಮುತ್ತಿನಂಗ ಮಾಡ್ತೀವಿ ಅಂತ ಜಾಹೀರಾತು ಬಂದಿತ್ತು. ಇಂಥದ ಒಂದನ್ನ ನಂಬಿ ನಾವು ಕೈ ಸುಟ್ಕೊಂಡೀವಿ, ಖರೇ ಹೇಳ್ಬೇಕಂದ್ರ ನನ್ನ ಮಗಳು ಒಸಡು ಸುಟ್ಕೊಂಡಾಳ.

ನಮ್ಮದು ಹುನಗುಂದ ತಾಲೂಕಿನ ಹಳ್ಳಿ. ನಮ್ಮ ಓಣಿ ಹುಡುಗರು ನಕ್ರ ಹಲ್ಲಿನ ಮ್ಯಾಲ ಕಂದು ಗೆರಿ, ಸುಣ್ಣ ಹಚ್ಚಿದಂಥ ಚುಕ್ಕಿ. ಪ್ಯಾಟ್ಯಾಗ ಮಂದಿ ಗುಟ್ಕಾ ತಿಂತಿಯೇನಲೇ ಅಂತ ಕೇಳ್ತಾರ, ಆ ಹುಡುಗ ಅಡಕಿ ಸುದ್ದಾ ಮುಟ್ಟಿರಂಗಿಲ್ಲ. ನನ್ನ ಮಗಳನ್ನ ನೋಡಾಕ ಬಂದ ಗಂಡಿನ ಕಡಿಯವರು ಎರಡು ಸಲ ಹಲ್ಲಿನ ಮಾತು ತಗದ್ರು, ಅದಕ್ಕ ಮಗಳ ಅವ್ವ ಯಾರಿಗೂ ಹೇಳದ ಕೇಳದ ಒಂದು ಪಾರ್ಲರಿಗೆ ಕರಕೊಂಡು ಹೋದ್ಲು, ಅಲ್ಲಿ ಜೆಲ್ ಹಚ್ಚಿ ನೀಲಿ ಲೈಟ್ ಹಿಡದ್ರಂತ, ಮನಿಗೆ ಬರೂದ್ರಾಗ ಒಸಡು ಬೆಳ್ಳಗಾಗಿ ಉರಿ ಎದ್ದಿತ್ತು, ನಾಕ ದಿನ ಬರೇ ಗಂಜಿ. ಕಂದು ಕಲಿ ಇದ್ದಂಗ ಇತ್ತು, ಬಿಳಿ ಚುಕ್ಕಿ ಮಾತ್ರ ಮೊದಲಿಗಿಂತ ಎದ್ದು ಕಾಣಾಕತ್ತಿತು.

ಆಮ್ಯಾಲ ಬಾಗಲಕೋಟಿ ಡೆಂಟಲ್ ಕಾಲೇಜಿಗೆ ಹೋದ್ವಿ. ಅಲ್ಲಿ ಡಾಕ್ಟರ್ ಬಾಯಿ ತಗಿ ಅಂದವರು ಮೊದಲ ಕೇಳಿದ್ದು, ಸಣ್ಣಾಕಿದ್ದಾಗ ಯಾವ ನೀರು ಕುಡದಾಳ ಅಂತ. ಬೋರಿನದ್ರೀ ಅಂದೆ. ಫ್ಲೋರೋಸಿಸ್ ಅಂದ್ರು. ಖಾಯಂ ಹಲ್ಲ ಒಸಡಿನೊಳಗ ತಯಾರಾಗೂದು ಎಂಟು ವರ್ಷದೊಳಗ, ಆವಾಗ ನೀರಿನಾಗ ಫ್ಲೋರೈಡ್ ಅನ್ನೂ ಲವಣ ಹೆಚ್ಚಿದ್ರ ಎನಾಮಲ್ಲ, ಅಂದ್ರ ಹಲ್ಲಿನ ಮ್ಯಾಲಿನ ಗಟ್ಟಿ ಪದರು, ಕೆಟ್ಟು ಬೆಳೀತೈತಿ, ಕಲಿ ಹಲ್ಲಿನ ಒಳಗ ಕುಂತಿರ್ತೈತಿ. ಬ್ಲೀಚಿಂಗ್ ಅಂದ್ರ ಪೆರಾಕ್ಸೈಡ್ ಅನ್ನೂ ಬಣ್ಣ ತಗಿಯೂ ರಾಸಾಯನಿಕ ಹಚ್ಚೂದು, ವಯಸ್ಸಿಗೆ ಹಳದಿಯಾದ ಹಲ್ಲಿಗೆ, ಚಾದ ಕಲಿಗೆ ನಡೀತೈತಿ, ಅದೂ ಒಸಡಿಗೆ ತಾಗದಂಗ ಕವರ್ ಮಾಡಿ ಹಚ್ಚಬೇಕು. ಇಂಥ ಹಲ್ಲಿಗೆ ಮ್ಯಾಲಿನ ತೆಳ್ಳನ ಪದರು ತಿಕ್ಕಿ ತಗೀಬೇಕು, ಭಾಳ ಆಗಿದ್ರ ವೆನಿಯರ್, ಅಂದ್ರ ಹಲ್ಲಿನ ಮುಂದ ಅಂಟಿಸೂ ತೆಳ್ಳನ ಚಿಪ್ಪು, ಕೂಡಿಸಬೇಕು. ನಮ್ಮ ಸಣ್ಣ ಮಗನ ಹಲ್ಲಿನ ಕ್ಲಿಪ್ ಯಾಕ ಪದೇ ಪದೇ ಕಿತ್ತು ಬರ್ತಾವು ಅನ್ನೂದೂ ಅವತ್ತ ತಿಳೀತು. ಕ್ಲಿಪ್ ಅಂಟಸೂ ಮೊದಲು ಅಂಟು ಹಿಡೀಲಿ ಅಂತ ಹಲ್ಲಿಗೆ ಆಸಿಡ್ ಹಚ್ತಾರ, ಫ್ಲೋರೈಡ್ ಹಲ್ಲ ಅದನ್ನ ಸರಿಯಾಗಿ ಹಿಡಿಯಂಗಿಲ್ಲಂತ. ನಾನು ಸುಮ್ಮನ ಹುಡುಗಗ ಕಬ್ಬು ಕಡದಿ, ಚಿಕ್ಕಿ ತಿಂದಿ ಅಂತ ಬೈತಿದ್ದೆ.

ನೀರು ಕಾಸಿ ಕುಡದ್ರ ಫ್ಲೋರೈಡ್ ಹೋಗಂಗಿಲ್ರೀ, ನೀರು ಆವಿಯಾಗಿ ಕಡಿಮಿ ಆದಷ್ಟು ಉಳಿದ ನೀರಿನಾಗ ಅದು ಹೆಚ್ಚಾಗ್ತೈತಿ. ನಮ್ಮ ಮನ್ಯಾಗ ಇಷ್ಟ ವರ್ಷ ಕೂಸುಗಳಿಗೆ ಕಾಸೇ ಕುಡಿಸೀವಿ, ಒಳ್ಳೇದಂತ. ಕುಡ್ಯೂ ನೀರಿನಾಗ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬ್ಯಾರೆ ನೀರ ಇಲ್ಲಂದ್ರ 1.5 ತನಕ ನಡೀತೈತಿ ಅಂತ ನಿಯಮ. ನಮ್ಮ ಬೋರಿನ ರಿಪೋರ್ಟ್ ಅದಕ್ಕಿಂತ ಭಾಳ ಮ್ಯಾಲ ಬಂದೈತಿ.

ನಿಮ್ಮಲ್ಲಿ ಕೇಳೂದು ಏನಂದ್ರ, ಹಲ್ಲಿನ ಜಾಹೀರಾತು ತಗೊಳ್ಳೂ ಮೊದಲು ಅದನ್ನ ಮಾಡವರು ಬಿಡಿಎಸ್ ಓದ್ಯಾರೋ ಇಲ್ಲೋ, ಡೆಂಟಲ್ ಕೌನ್ಸಿಲ್ ರಿಜಿಸ್ಟ್ರೇಶನ್ ನಂಬರ್ ಏನು ಕೇಳ್ರಿ, ನಂಬರ್ ಸಮೇತ ಛಾಪಸ್ರಿ. ಮತ್ತ ನಿಮ್ಮ ವರದಿಗಾರರು ಒಂದು ಸಲ ನಮ್ಮೂರಿಗೆ ಬರ್ಲಿ. ಕಾಯಿನ್ ಹಾಕೂ ಶುದ್ಧ ನೀರಿನ ಘಟಕಾ ಐತಿ, ಅದರ ನೀರು ಸೋಸೂ ಪರದೆ (ಮೆಂಬ್ರೇನ್) ಯಾವಾಗ ಬದಲಿ ಮಾಡ್ಯಾರ ಅಂತ ಪಂಚಾಯ್ತ್ಯಾಗ ಕೇಳಿದ್ರ ಒಬ್ಬರ ಮಾರಿ ಒಬ್ಬರು ನೋಡ್ತಾರ.

ಒಬ್ಬ ತಂದಿ,
ಹುನಗುಂದ ತಾಲೂಕು, ಬಾಗಲಕೋಟಿ ಜಿಲ್ಲಾ