ಸರ್ಕಾರದ ಕಡೆಯೋ, ಸ್ವಂತ ಆಫೀಸೋ?

ಪುಟ್ಟಿ,

ಸರ್ಕಾರದ ಪರ ವಾದಿಸುವ ವಕೀಲರ ಪ್ಯಾನಲ್‌ಗೆ ಅರ್ಜಿ ಹಾಕ್ಲಾ, ಇಲ್ಲ ಸ್ವಂತ ಪ್ರಾಕ್ಟೀಸ್ ಶುರು ಮಾಡ್ಲಾ ಅಂತ ಕೇಳಿದ್ದೆ. ಪರಿಸರದ ಕೇಸುಗಳಲ್ಲಿ ನಾನು ಎರಡೂ ಕಡೆ ವಾದ ಮಾಡಿದವಳು. ಮೊದಲು ಸರ್ಕಾರದ ಕಡೆ ಹೋಗು. ಫೀಸಿಗಾಗಿ ಅಲ್ಲ ಕಣೇ, ಆ ಬಿಲ್ಲು ಯಾವಾಗ ಪಾಸಾಗುತ್ತದೋ ದೇವರಿಗೇ ಗೊತ್ತು. ಕೇಸು ಎಲ್ಲಿ ಹುಟ್ಟುತ್ತದೆ, ಎಲ್ಲಿ ಸಾಯುತ್ತದೆ ಅಂತ ಕಾಣುವುದು ಅಲ್ಲೇ.

ನೀರಿನ ಮಾಲಿನ್ಯ ತಡೆಯುವ 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ಕಾಲೇಜಿನಲ್ಲಿ ಓದಿರ್ತೀಯ, ಈಗ ಇನ್ನೊಂದು ಸಲ ಓದು. ಕಾರ್ಖಾನೆಯ ಕೊಳಕು ನೀರನ್ನು ಪರೀಕ್ಷೆಗೆ ತೆಗೆದುಕೊಂಡ ತಕ್ಷಣ ಮಾಲಿನ್ಯ ಮಂಡಳಿಯ ಅಧಿಕಾರಿ ಅಲ್ಲೇ ನೋಟಿಸ್ ಕೊಡಬೇಕು, ಕಾರ್ಖಾನೆಯವರು ಕೇಳಿದರೆ ಅವರೆದುರೇ ಎರಡು ಭಾಗ ಮಾಡಬೇಕು, ಎರಡಕ್ಕೂ ಸೀಲ್ ಹಾಕಿ ಎರಡೂ ಕಡೆಯವರು ಸಹಿ ಮಾಡಬೇಕು. ಇದು ತಪ್ಪಿದರೆ ಲ್ಯಾಬ್ ರಿಪೋರ್ಟು ಸಾಕ್ಷಿಯಾಗಿ ನಿಲ್ಲುವುದಿಲ್ಲ. ನನ್ನ ಒಂದು ಕೇಸಿನಲ್ಲಿ ನೀರು ಕಾಫಿ ಡಿಕಾಕ್ಷನ್ ಥರ ಇತ್ತು, ರಿಪೋರ್ಟೂ ಹಾಗೇ ಬಂದಿತ್ತು. ಆದರೆ ನೋಟಿಸ್ ಕೊಟ್ಟಿದ್ದಕ್ಕೆ ದಾಖಲೆಯೇ ಇಲ್ಲ. ಎದುರು ವಕೀಲರು ಬೇರೇನೂ ಮಾತಾಡದೆ ಅದೊಂದನ್ನೇ ಹಿಡಿದು ಕೂತರು. ಕೇಸು ಬಿತ್ತು.

ಸ್ವಂತ ಆಫೀಸು ತೆರೆದ ಮೇಲೆ ನನ್ನ ಹೊಟ್ಟೆ ತುಂಬಿಸಿದ್ದು ಈ ವಿದ್ಯೆಯೇ. ಕಾರ್ಖಾನೆಯವರ ಕೇಸು ಹಿಡಿಯುವುದು ಪಾಪ ಅಂತ ನಿನ್ನ ಗೆಳತಿಯರು ಹೇಳಬಹುದು, ನನಗೆ ಹಾಗನ್ನಿಸಿಲ್ಲ. ಆದರೆ ವಕಾಲತ್ತಿಗೆ ಸಹಿ ಮಾಡುವ ಮೊದಲು ನೀರು ಶುದ್ಧ ಮಾಡುವ ಘಟಕದ ಕರೆಂಟ್ ಮೀಟರ್ ರೀಡಿಂಗ್ ಕೇಳು. ಘಟಕ ಕಟ್ಟಿಸಿ, ಬಿಲ್ಲಿಗೆ ಹೆದರಿ ರಾತ್ರಿ ಆಫ್ ಮಾಡುವವರು ಇದ್ದಾರೆ. ರಿಜಿಸ್ಟರ್ ಸುಳ್ಳು ಬರೀಬಹುದು, ಮೀಟರ್ ಅಷ್ಟು ಸುಲಭಕ್ಕೆ ಸುಳ್ಳು ಹೇಳಲ್ಲ.

ಇನ್ನು ರೈತರ ಕೇಸು. ಬೋರ್‌ವೆಲ್ ನೀರು ಕೆಟ್ಟಿದೆ ಅಂತ ಮಂಡ್ಯದ ಕಡೆಯವರು ಬರುವುದೇ ತಡವಾಗಿ, ಕಬ್ಬು ಕಡಿದು, ಊರಹಬ್ಬ ಮುಗಿಸಿ. ಪರಿಸರದ ಕೇಸು ಕೇಳುವ ಹಸಿರು ನ್ಯಾಯಮಂಡಳಿಯ ಕಾಯ್ದೆಯಲ್ಲಿ ಪರಿಹಾರ ಕೇಳಲು 5 ವರ್ಷ ಇದೆ ನಿಜ, ಆದರೆ ಯೋಜನೆಗೆ ಕೊಟ್ಟ ಪರಿಸರ ಅನುಮತಿ ಪ್ರಶ್ನಿಸಲು ಇರುವುದು 30 ದಿನ, ಸರಿಯಾದ ಕಾರಣ ಕೊಟ್ಟರೆ ಇನ್ನೊಂದು 60. ಅದಾದ ಮೇಲೆ ಅತ್ತರೂ ಆಗಲ್ಲ. ಹಾಗಾಗಿ ಕಕ್ಷಿದಾರ ಕೂರುವ ಮೊದಲೇ ತಾರೀಕು ಕೇಳು. ನ್ಯಾಯಮಂಡಳಿಯ ನಮ್ಮ ಪೀಠ ಚೆನ್ನೈಯಲ್ಲಿ, ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹತ್ತಿದರೆ ಬೆಳಗ್ಗೆ ಅಲ್ಲಿರ್ತೀಯ.

ಬರೀ ಪರಿಸರ ಕಾಯ್ದೆ ಓದಿಕೊಂಡರೂ ಸಾಲದು. 2024ರ ಜನವರಿಯಲ್ಲಿ ಹೈಕೋರ್ಟ್ ಕೆಆರ್‌ಎಸ್ ಸುತ್ತ 20 ಕಿ.ಮೀ. ಗಣಿಗಾರಿಕೆ ನಿಲ್ಲಿಸಿತಲ್ವಾ, ಅಲ್ಲಿ ಮುಂದೆ ಬಂದಿದ್ದು 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ.

ಅರ್ಜಿ ಬರೆದು ನನಗೊಮ್ಮೆ ಕಳಿಸು, ಇಂಗ್ಲಿಷ್ ಜಾಸ್ತಿ ಉದ್ದ ಎಳೀಬೇಡ. ಅಪ್ಪನಿಗೆ ಈಗಲೇ ಹೇಳ್ಬೇಡ. ನೀನು ಜಡ್ಜ್ ಪರೀಕ್ಷೆಗೆ ಓದ್ತಿದ್ದೀಯ ಅಂತಲೇ ಅವರು ಊರಿಗೆಲ್ಲ ಹೇಳಿಕೊಂಡು ಓಡಾಡ್ತಿದ್ದಾರೆ.

ಅಮ್ಮ
ಮೈಸೂರು