ಪಾತ್ರವೇ ಸಿಗದಿದ್ದರೆ ಪ್ರಶಸ್ತಿ ಎಲ್ಲಿಂದ?

ಲಾಸ್ ಏಂಜಲೀಸ್

ಪ್ರೀತಿಯ ಅಪ್ಪನಿಗೆ ನಮಸ್ಕಾರ.

ನಾನಿಲ್ಲಿ ಆರಾಮಾಗಿದ್ದೇನೆ, ಅಮ್ಮನಿಗೂ ಹೇಳಿ. ‘ಚೆನ್ನಾಗಿ ನಟಿಸಿದವರಿಗೆ ಆಸ್ಕರ್ ಕೊಡ್ತಾರೆ, ಅದರಲ್ಲಿ ಬಣ್ಣದ ಜಗಳ ಯಾಕೆ?’ ಅಂತ ಫೋನಿನಲ್ಲಿ ಕೇಳಿದ್ರಲ್ಲ, ಅದು ಎರಡು ಮಾತಿನಲ್ಲಿ ಮುಗಿಯುವ ವಿಷಯವಲ್ಲ. ಅದಕ್ಕೇ ಈ ಪತ್ರ.

ಆಸ್ಕರ್‌ಗೆ ನಾಲ್ಕೈದು ತೀರ್ಪುಗಾರರು ಕೂತು ಆರಿಸುವುದಿಲ್ಲ. ಅದನ್ನು ಕೊಡುವ ಅಕಾಡೆಮಿ ಅಂತ ಸಿನಿಮಾದವರದ್ದೇ ಒಂದು ಸಂಸ್ಥೆ ಇದೆ, ಅದರ ಸಾವಿರಾರು ಸದಸ್ಯರು ಮತ ಹಾಕುತ್ತಾರೆ. ಆ ಸದಸ್ಯರು ಯಾರ್ಯಾರು ಅಂತ 2012ರಲ್ಲಿ ಇಲ್ಲಿನ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಕೆದಕಿ ನೋಡಿತು. ನೂರಕ್ಕೆ 94 ಜನ ಬಿಳಿಯರು, 77 ಜನ ಗಂಡಸರು! 2015, 2016 ಎರಡೂ ವರ್ಷ ನಟನೆಗೆ ನಾಮಿನೇಟ್ ಆದ ಇಪ್ಪತ್ತಕ್ಕೆ ಇಪ್ಪತ್ತೂ ಜನ ಬಿಳಿಯರೇ. ಏಪ್ರಿಲ್ ರೇನ್ ಎಂಬುವರು ಟ್ವಿಟರ್‌ನಲ್ಲಿ ‘ಆಸ್ಕರ್ಸ್ ಸೋ ವೈಟ್’ ಅಂತ ಹಾಕಿದ್ದು ಎಲ್ಲ ಕಡೆ ಹಬ್ಬಿತು. ಆಮೇಲೆ ಅಕಾಡೆಮಿ ಎಚ್ಚೆತ್ತು, ಮಹಿಳಾ ಸದಸ್ಯರನ್ನೂ ಬಿಳಿಯರಲ್ಲದ ಸದಸ್ಯರನ್ನೂ 2020ರೊಳಗೆ ದುಪ್ಪಟ್ಟು ಮಾಡುತ್ತೇವೆ ಎಂದಿತು.

ಆದರೆ ಮತ ಹಾಕುವುದು ಕೊನೆಯ ಮೆಟ್ಟಿಲು, ಅಲ್ವಾ? ಅದಕ್ಕೂ ಮೊದಲು ಪಾತ್ರ ಸಿಗಬೇಕು. ಆನಾ ಮೇ ವಾಂಗ್ ಇದೇ ಊರಲ್ಲಿ ಹುಟ್ಟಿದ ಚೀನೀ ಮೂಲದ ನಟಿ, 1930ರ ದಶಕದಲ್ಲೇ ದೊಡ್ಡ ಹೆಸರು. ಚೀನಾದ ರೈತರ ಕಥೆಯ ‘ದ ಗುಡ್ ಅರ್ಥ್’ ಸಿನಿಮಾದ ನಾಯಕಿಯಾಗಬೇಕೆಂದು ಆಸೆಪಟ್ಟಿದ್ದರು. ಸಿಗಲಿಲ್ಲ. ನಾಯಕನ ಪಾತ್ರ ಒಬ್ಬ ಬಿಳಿ ನಟನಿಗೆ ಹೋಗಿತ್ತು. ಬೇರೆ ವರ್ಣದವರ ನಡುವೆ ಪ್ರೇಮ ತೋರಿಸಲು ಆಗಿನ ಸಿನಿಮಾ ನಿಯಮಾವಳಿ ಅಡ್ಡ ಬರುತ್ತಿತ್ತು. ಕೊನೆಗೆ ಯುರೋಪಿನಿಂದ ಬಂದ ಲೂಯೀಸ್ ರೈನರ್ ಚೀನೀ ಹೆಂಗಸಿನ ವೇಷ ಹಾಕಿದರು. 1938ರಲ್ಲಿ ಅವರಿಗೇ ಆಸ್ಕರ್! 2022ರಲ್ಲಿ ವಾಂಗ್ ಅವರ ಮುಖ ಇಲ್ಲಿನ 25 ಸೆಂಟಿನ ನಾಣ್ಯದ ಮೇಲೆ ಬಂತು. ಒಂದನ್ನು ನಿಮಗೆ ಅಂತ ತೆಗೆದಿಟ್ಟಿದ್ದೇನೆ.

ಪ್ರಶಸ್ತಿ ಬಂದವರ ಕಥೆಯೂ ಅಷ್ಟಕ್ಕಷ್ಟೇ. 1940ರಲ್ಲಿ ಹ್ಯಾಟಿ ಮೆಕ್‌ಡ್ಯಾನಿಯಲ್ ಆಸ್ಕರ್ ಗೆದ್ದ ಮೊದಲ ಕಪ್ಪು ವರ್ಣದ ಕಲಾವಿದೆ. ಸಮಾರಂಭ ನಡೆದ ಆಂಬಾಸಡರ್ ಹೋಟೆಲಿಗೆ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ನಿರ್ಮಾಪಕರೇ ಕೇಳಿಕೊಂಡು ಅವರನ್ನು ಒಳಗೆ ಬಿಡಿಸಬೇಕಾಯಿತು. ಜೊತೆಗೆ ನಟಿಸಿದವರೆಲ್ಲ ಮುಂದೆ, ಇವರಿಗೆ ಗೋಡೆಯ ಪಕ್ಕದಲ್ಲಿ ಸಣ್ಣ ಮೇಜು. ಗೆದ್ದ ಪಾತ್ರ ಮನೆಕೆಲಸದವಳದ್ದು. ಆಮೇಲೂ ಜಾಸ್ತಿ ಸಿಕ್ಕಿದ್ದು ಅಂಥವೇ.

ಈಗ ಬದಲಾಗಿಲ್ಲ ಅಂತಲ್ಲ. 2023ರಲ್ಲಿ ಮಿಶೆಲ್ ಯೋ ಶ್ರೇಷ್ಠ ನಟಿಯಾದರು, ಏಷ್ಯಾದವರಲ್ಲಿ ಅವರೇ ಮೊದಲಿಗರು. 2024ರಿಂದ ಶ್ರೇಷ್ಠ ಚಿತ್ರದ ಸ್ಪರ್ಧೆಗೆ ಬರಬೇಕಾದರೆ, ಇಷ್ಟು ದಿನ ಅವಕಾಶ ಸಿಗದವರಿಗೆ ಜಾಗ ಕೊಡಬೇಕೆನ್ನುವ ನಾಲ್ಕು ಷರತ್ತುಗಳಲ್ಲಿ ಎರಡನ್ನಾದರೂ ಪೂರೈಸಬೇಕು. ಬಹಳ ಜನ ಇದನ್ನು ಮೀಸಲಾತಿ ಅಂತ ಬೈತಾರೆ. ನನಗೆ ಇದು ತೀರಾ ಸಪ್ಪೆ ಅನಿಸುತ್ತದೆ. ತೆರೆಯ ಹಿಂದಿನ ತಂತ್ರಜ್ಞರು, ತರಬೇತಿಗೆ ಬಂದವರು, ಪ್ರಚಾರ ನೋಡಿಕೊಳ್ಳುವವರ ಲೆಕ್ಕದಲ್ಲೇ ಷರತ್ತು ಮುಗಿಸಬಹುದು. ತೆರೆ ಮೇಲೆ ಎಲ್ಲರೂ ಬಿಳಿಯರೇ ಇದ್ದರೂ ನಡೆಯುತ್ತದೆ.

ಇದನ್ನು ಅಣ್ಣನಿಗೂ ಓದಲು ಕೊಡಿ. ಅವನು ಸುಮ್ನೆ ಇರಲ್ಲ, ಭಾನುವಾರ ಫೋನ್ ಮಾಡಿ ವಾದಕ್ಕೆ ಬರ್ತಾನೆ. ಬರಲಿ.

ನಿಮ್ಮ ಮಗಳು