ಬೆತ್ತದ ವಾಕ್ಯದ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಾಲ್ಕು ವರ್ಷದ ಮಗ ತಂಗಿಗೆ ಹೊಡೆಯುತ್ತಾನೆ, ಹೇಳಿದ್ದು ಕೇಳುವುದಿಲ್ಲ. ನಿಮ್ಮಪ್ಪ "ಬೈಬಲಿನ ಜ್ಞಾನೋಕ್ತಿ ಓದು, ಬೆತ್ತ ಹಿಡಿ" ಅನ್ನುತ್ತಾರೆ, ನಿನ್ನ ಹೆಂಡತಿ ಕೂಡದು ಅನ್ನುತ್ತಾಳೆ. ಕ್ರೈಸ್ತರಾದ ನಾವು ಏನು ಮಾಡಬೇಕು ಅಂತ ಕೇಳಿದ್ದೀಯ. ನನ್ನ ಉತ್ತರ: ಹೊಡೆಯಬೇಡ. ಆದರೆ ಅಷ್ಟೇ ಹೇಳಿ ಬಿಟ್ಟರೆ ನಿಮ್ಮಪ್ಪನ ಮುಂದೆ ಆ ಮಾತು ನಿಲ್ಲುವುದಿಲ್ಲ, ರಾತ್ರಿ ಊಟದ ಹೊತ್ತಿಗೆ ಮಗ ತಟ್ಟೆ ಎಸೆದಾಗ ನಿನಗೂ ಉಪಯೋಗಕ್ಕೆ ಬರುವುದಿಲ್ಲ.

ಮೊದಲು ವಾಕ್ಯಗಳು, ಅಂದರೆ ಮಕ್ಕಳನ್ನು ಬೆತ್ತದಿಂದ ತಿದ್ದಬೇಕು ಅನ್ನುವ ವಚನಗಳು. ಜ್ಞಾನೋಕ್ತಿಗಳು 13:24, 22:15, 23:13-14, 29:15. ಜನ ಎತ್ತಿ ಹೇಳುವುದು ಇವನ್ನೇ. "ದಂಡಂ ದಶಗುಣಂ" ಸತ್ಯವೇದದ (ಬೈಬಲಿನ) ಮಾತಲ್ಲ, ಆದರೂ ಎಷ್ಟೋ ಮನೆಗಳಲ್ಲಿ ಅದನ್ನೂ ಇವುಗಳ ಜೊತೆಗೇ ಸೇರಿಸಿಬಿಡುತ್ತಾರೆ. ಬೆತ್ತ, ಕೋಲು ಎಂದು ನಾವು ಓದುವ ಕಡೆ ಮೂಲ ಹೀಬ್ರೂ ಭಾಷೆಯಲ್ಲಿರುವ ಪದ 'ಶೇವೆಟ್'. 23ನೇ ಕೀರ್ತನೆಯಲ್ಲಿ ಕುರುಬನ ಕೈಯಲ್ಲಿರುವುದೂ ಶೇವೆಟ್. ಹಾಗಾಗಿ ಅದು ದಾರಿ ತೋರಿಸುವ ಕೋಲು ಮಾತ್ರ, ಹೊಡೆಯುವುದಲ್ಲ ಎಂದು ಕೆಲವರು ವಾದಿಸುತ್ತಾರೆ. ಕೇಳಲು ಹಿತವಾಗಿದೆ, ಆದರೆ ನೀನು ಆ ವಾದ ಹಿಡಿಯಬೇಡ. 23:13 ಹೊಡೆಯುವುದನ್ನೇ ಹೇಳುತ್ತದೆ. ವಿಮೋಚನಕಾಂಡ 21:20ರಲ್ಲಿ ಯಜಮಾನನು ದಾಸನನ್ನು ಸಾಯುವಂತೆ ಹೊಡೆಯುವ ಕೋಲಿಗೂ ಅದೇ ಪದ. ಸತ್ಯವೇದ ಬಲ್ಲವರು ಒಂದೇ ಮಾತಿನಲ್ಲಿ ನಿನ್ನ ಬಾಯಿ ಮುಚ್ಚಿಸುತ್ತಾರೆ.

ಗಟ್ಟಿಯಾದ ಮಾತು ಬೇರೆ ಇದೆ. ಜ್ಞಾನೋಕ್ತಿಗಳು ಧರ್ಮಶಾಸ್ತ್ರದ ಆಜ್ಞೆಗಳಲ್ಲ, ವಿವೇಕದ ಗಾದೆಗಳು. 26:4 ಮೂಢನಿಗೆ ಉತ್ತರ ಕೊಡಬೇಡ ಅನ್ನುತ್ತದೆ, ಮರುವಚನವೇ ಕೊಡು ಅನ್ನುತ್ತದೆ. ಯಾವುದು ಯಾವಾಗ ಎಂದು ತೂಗಿ ನೋಡುವುದು ಓದುವವನ ಹೊಣೆ. 10:13 ಮತ್ತು 26:3 ಬುದ್ಧಿಯಿಲ್ಲದ ದೊಡ್ಡವರ ಬೆನ್ನಿಗೂ ಬೆತ್ತ ಅನ್ನುತ್ತವೆ. ಧರ್ಮೋಪದೇಶಕಾಂಡ 25:3 ಅಪರಾಧಿಗೆ ನಲವತ್ತು ಪೆಟ್ಟಿನ ಮಿತಿ ಹಾಕುತ್ತದೆ. ಇವನ್ನು ಇಂದು ಯಾವ ಕ್ರೈಸ್ತ ಸಭೆಯೂ ನಡೆಸುವುದಿಲ್ಲ. ದೊಡ್ಡವರ ಬೆನ್ನಿನಿಂದ ಇಳಿಸಿದ ಬೆತ್ತವನ್ನು ಮಗುವಿನ ಮೇಲೆ ಮಾತ್ರ ಯಾಕೆ ಉಳಿಸಿಕೊಳ್ಳಬೇಕು?

ಉಳಿಯಬೇಕಾದದ್ದು 13:24 ಮತ್ತು 22:15ರಲ್ಲೇ ಇರುವ ಇನ್ನೊಂದು ಪದ, 'ಮೂಸಾರ್'. ತಿದ್ದುವುದು, ಕಲಿಸುವುದು ಎರಡೂ ಅದರಲ್ಲಿವೆ. ನಮ್ಮ 'ಶಿಕ್ಷೆ'ಗೂ ಕಲಿಕೆ ಎಂಬ ಅರ್ಥವಿತ್ತು, ಈಗ ಅದು ಶಿಕ್ಷಣ, ಶಿಕ್ಷಕ ಎಂಬ ಪದಗಳಲ್ಲಷ್ಟೇ ಉಳಿದಿದೆ. 1:8ರಲ್ಲಿ ಮಗನು ತಂದೆಯ ಮೂಸಾರನ್ನು ಕಿವಿಗೊಟ್ಟು ಕೇಳಬೇಕು. 17:10ರ ಪ್ರಕಾರ ಮೂಢನಿಗೆ ಬೀಳುವ ನೂರು ಪೆಟ್ಟಿಗಿಂತ ವಿವೇಕಿಗೆ ಆಡಿದ ಒಂದು ಗದರಿಕೆ ಆಳಕ್ಕೆ ಇಳಿಯುತ್ತದೆ.

ಹೊಸ ಒಡಂಬಡಿಕೆಯಲ್ಲಿ ಮಕ್ಕಳನ್ನು ಹೊಡೆಯಿರಿ ಎಂದು ಹೆತ್ತವರಿಗೆ ಹೇಳುವ ಆಜ್ಞೆ ಒಂದೂ ಇಲ್ಲ. ಕರ್ತನು ತಾನು ಪ್ರೀತಿಸುವವನನ್ನು ಶಿಕ್ಷಿಸುತ್ತಾನೆ ಅನ್ನುವ ಇಬ್ರಿಯರಿಗೆ 12 ಕಷ್ಟದಲ್ಲಿದ್ದ ವಿಶ್ವಾಸಿಗಳಿಗೆ ಧೈರ್ಯ ಹೇಳುವ ಮಾತು, ಮಕ್ಕಳನ್ನು ಬೆಳೆಸುವ ಪಾಠವಲ್ಲ. ರೋಮನ್ ಕಾನೂನಿನಲ್ಲಿ ತಂದೆಗೆ ಮಕ್ಕಳ ಮೇಲೆ ಜೀವಮಾನವಿಡೀ ಅಧಿಕಾರವಿದ್ದ ಕಾಲ ಅದು. ಆಗ ಅಪೊಸ್ತಲ ಪೌಲನು ತನ್ನ ಪತ್ರಗಳಲ್ಲಿ ತಂದೆಗಳನ್ನೇ ಕರೆದು, ಮಕ್ಕಳಿಗೆ ಕೋಪವೆಬ್ಬಿಸಬೇಡಿ, ಅವರು ಮನಗುಂದಿಯಾರು ಎಂದ (ಎಫೆಸ 6:4, ಕೊಲೊಸ್ಸೆ 3:21). ನಿಮ್ಮಪ್ಪನಿಗೆ ಈ ಎರಡು ವಚನಗಳನ್ನು ತೆಗೆದು ತೋರಿಸು.

ಇನ್ನು "ಒಂದು ಕೊಟ್ಟರೆ ಸುಮ್ಮನಾಗುತ್ತಾನೆ" ಅನ್ನುವುದು. ಸುಮ್ಮನಾಗುತ್ತಾನೆ, ನಿಜ. ಅಪಾಯ ಇರುವುದೂ ಅಲ್ಲೇ. ಪೆಟ್ಟು ಬಿದ್ದ ಕೂಡಲೇ ಮನೆ ತಣ್ಣಗಾಗುವುದರಿಂದ ಹೊಡೆಯುವ ಅಭ್ಯಾಸ ಅಂಟಿಕೊಳ್ಳುವುದು ನಿನಗೆ. ಮಗು ಕಲಿಯುವುದು ಅಪ್ಪ ಇದ್ದಾಗ ಮಾಡಬಾರದು ಎಂಬುದನ್ನು. ಪೆಟ್ಟು ಹಳತಾದಂತೆ ಹೆದರಿಕೆ ಕಡಿಮೆಯಾಗುತ್ತದೆ, ನಿನ್ನ ಕೈ ಜೋರಾಗುತ್ತದೆ. 2016ರಲ್ಲಿ 75 ಅಧ್ಯಯನಗಳನ್ನು, ಸುಮಾರು 1,60,000 ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಕುಂಡೆಗೆ ತಟ್ಟುವಂಥ ಪೆಟ್ಟಿನ ಜೊತೆಗೂ ಹೆಚ್ಚು ಹಟ, ಹೆಚ್ಚು ಆಕ್ರಮಣ ಕಂಡುಬಂತು. ಹಟಮಾರಿಗಳಿಗೇ ಹೆಚ್ಚು ಪೆಟ್ಟು ಬೀಳುವುದಲ್ಲವೇ ಎಂದು ಕೇಳುವ ಸಂಶೋಧಕರೂ ಇದ್ದಾರೆ, ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಪೆಟ್ಟಿನಿಂದ ಮಕ್ಕಳು ಮುಂದೆ ಸುಧಾರಿಸಿದರು ಎಂಬುದು ಆ ಲೆಕ್ಕದಲ್ಲಿ ಎಲ್ಲೂ ಸಿಗಲಿಲ್ಲ. ಕಾನೂನನ್ನೂ ತಿಳಿದಿರು. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಮನೆಗೆ ಅಂಥ ನೇರ ನಿಷೇಧ ನಮ್ಮಲ್ಲಿಲ್ಲ, ಕ್ರೌರ್ಯಕ್ಕೆ ಮಾತ್ರ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಇದೆ. ಸ್ವೀಡನ್‌ನಲ್ಲಿ 1979ರಿಂದ, ಜರ್ಮನಿಯಲ್ಲಿ 2000ದಿಂದ ಮನೆಯಲ್ಲೂ ಹೊಡೆಯುವಂತಿಲ್ಲ. ಅಲ್ಲಿ ಕೆಲಸಕ್ಕೆ ಹೋಗಿರುವ ನಮ್ಮವರಿಗೂ ಇದು ಅನ್ವಯಿಸುತ್ತದೆ.

ಈಗ ತಂಗಿಗೆ ಹೊಡೆಯುವ ಕ್ಷಣಕ್ಕೆ ಬಾ. ದೂರದಿಂದ ಕೂಗಬೇಡ, ಎದ್ದು ಹೋಗು. ಎತ್ತಿದ ಕೈಯನ್ನು ಮೆಲ್ಲಗೆ ಆದರೆ ಬಿಗಿಯಾಗಿ ಹಿಡಿ. ಮಂಡಿಯೂರಿ ಅವನ ಕಣ್ಣಿನ ಮಟ್ಟಕ್ಕೆ ಇಳಿ. ಒಂದೇ ವಾಕ್ಯ: "ಹೊಡೆಯುವ ಹಾಗಿಲ್ಲ, ಪಾಪುಗೆ ನೋವಾಗುತ್ತೆ." ಮೊದಲು ತಂಗಿಯನ್ನು ಎತ್ತಿ ಸಮಾಧಾನಪಡಿಸು, ಹೊಡೆದವನಿಗೆ ಮೊದಲ ಗಮನ ಸಿಗಬಾರದು. ಆಮೇಲೆ ಅವನನ್ನು ನಿನ್ನ ಕಣ್ಣಳತೆಯಲ್ಲೇ ಒಂದು ಕುರ್ಚಿಯ ಮೇಲೆ ಕೂರಿಸು. ವಯಸ್ಸಿಗೆ ಒಂದು ನಿಮಿಷದಂತೆ ನಾಲ್ಕು ನಿಮಿಷ ಸಾಕು. ಆ ಹೊತ್ತು ಉಪದೇಶ ಬೇಡ, ಬೈಗುಳವೂ ಬೇಡ. ಮುಗಿದ ಮೇಲೆ ತಂಗಿಗೆ ಏನು ಮಾಡಿ ಸರಿಪಡಿಸುತ್ತೀಯ ಎಂದು ಕೇಳು. ಕಿತ್ತುಕೊಂಡ ಗೊಂಬೆ ವಾಪಸ್ ಕೊಡಲಿ, ನೀರು ತಂದುಕೊಡಲಿ. ಸುಂಕದವನಾದ ಜಕ್ಕಾಯನು ಯೇಸುವಿನ ಮುಂದೆ, ತಾನು ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದ ಕಥೆ ಅವನಿಗೆ ಈ ವಯಸ್ಸಿಗೇ ಅರ್ಥವಾಗುತ್ತದೆ. ಮತ್ತೆ ತಂಗಿಯ ಜೊತೆ ಕೈಯೆತ್ತದೆ ಆಡಿದಾಗ ಅದನ್ನು ಬಿಡಿಸಿ ಹೇಳು: "ಚೆಂಡು ಬೇಕು ಅಂತ ಬಾಯಲ್ಲಿ ಕೇಳಿದೆ, ಚೆನ್ನಾಗಿತ್ತು." ಬರೀ "ಗುಡ್ ಬಾಯ್" ಅಂದರೆ ಯಾವುದಕ್ಕೆ ಅಂದೆ ಎಂದು ಅವನಿಗೆ ತಿಳಿಯುವುದಿಲ್ಲ.

ಇದು ಕೆಡುವುದು ಮೂರನೇ ನಾಲ್ಕನೇ ದಿನಕ್ಕೆ. ಹಟ ಇಳಿಯುವ ಮೊದಲು ಒಮ್ಮೆ ಏರುತ್ತದೆ. "ನೋಡು, ಇವೆಲ್ಲ ಆಗೋದಲ್ಲ" ಅಂತ ಮನೆಯವರು ಹೇಳುವುದು ಆಗಲೇ. ಅಂದು ಅತ್ತಿದ್ದಕ್ಕೆ ಸೋತು ಬಿಟ್ಟುಕೊಟ್ಟರೆ, ಇನ್ನೂ ಜೋರಾಗಿ ಅತ್ತರೆ ಸಿಗುತ್ತದೆ ಎಂದು ಕಲಿಸಿದಂತಾಯಿತು. ನೀನು ಕೂರಿಸಿದಾಗ ಅಜ್ಜಿ ಚಾಕಲೇಟ್ ಕೊಟ್ಟರೂ ಇದೇ ಗತಿ. ಮನೆಯವರೆಲ್ಲ ಮೊದಲೇ ಕೂತು ಒಂದು ಮಾತಿಗೆ ಬನ್ನಿ. ಹಸಿವು, ನಿದ್ದೆಗೇಡು ಇದ್ದ ಹೊತ್ತಿನಲ್ಲಿ ಇದನ್ನೆಲ್ಲ ಮಾಡಬೇಡ, ಊಟ ಕೊಟ್ಟು ಮಲಗಿಸು.

ಇದೊಂದನ್ನು ಕೈಮುಗಿದು ಕೇಳುತ್ತೇನೆ. ಮೊಣಕಾಲೂರಿಸುವುದು, ಬಾಯಿಪಾಠದ ವಾಕ್ಯ ಹತ್ತು ಸಲ ಬರೆಸುವುದು, "ಯೇಸುಸ್ವಾಮಿಗೆ ಸಿಟ್ಟು ಬರುತ್ತೆ" ಅನ್ನುವುದು, ಇವು ಯಾವುವೂ ದಂಡನೆಯಾಗಬಾರದು. ದಂಡನೆಗೆಂದು ಊರಿಸಿದ ಮೊಣಕಾಲನ್ನೇ ಅವನು ರಾತ್ರಿ ಪ್ರಾರ್ಥನೆಗೂ ಊರಬೇಕಾಗುತ್ತದಲ್ಲ.

ಸಿಟ್ಟು ನೆತ್ತಿಗೇರಿದಾಗ ಮಕ್ಕಳಿಬ್ಬರನ್ನೂ ಹೆಂಡತಿಯ ಕೈಗೆ ಬಿಟ್ಟು ಪಕ್ಕದ ಕೋಣೆಗೆ ಹೋಗಿ ನೀರು ಕುಡಿ. ಅಷ್ಟಾಗಿಯೂ ಕೈ ಮುಂದಾಯಿತೆನ್ನು, ಅದೇ ದಿನ, ಅವನು ಮಲಗುವ ಮುಂಚೆ, ಪಕ್ಕದಲ್ಲಿ ಕೂತು ಹೇಳು: "ಅಪ್ಪ ನಿನಗೆ ಹೊಡೆದೆ. ಅದು ತಪ್ಪು. ನನ್ನನ್ನು ಕ್ಷಮಿಸು." ಅಲ್ಲಿಗೆ ನಿಲ್ಲಿಸು. "ಆದರೆ ನೀನೂ..." ಎಂದು ಮುಂದುವರಿಸಬೇಡ.

ನಿನ್ನ ಗೆಳೆಯ